ಗೌರಕ್ಕನ ತಿರುಗಾಟ

ಗೌರಕ್ಕ ಬೋರ್ಡು ನೋಡಿ ಬಸ್ಸು ಹತ್ತುವವರಲ್ಲ. ಭಾನುವಾರ ಬೆಳಿಗ್ಗೆ ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ನಿಂತು ಒಮ್ಮೆ ಕಣ್ಣಾಡಿಸುವರು. ಯಾವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿ ಕಂಡಿತೋ ಅದು ಹೋಗುವ ಊರೇ ಆ ದಿನದ ಊರು. ಕೆಲಸದ ಮೇಲೆ ಮೈಸೂರಿನಿಂದ ಬಂದು ಅವರ ಪಕ್ಕದ ಮನೆಯಲ್ಲಿದ್ದ ನಾನು, ಹಿಂದೆಯೇ ಹತ್ತುತ್ತ ಕೇಳುತ್ತಿದ್ದೆ:

"ಅಕ್ಕಾ, ಇದು ಎಲ್ಲಿಗೆ ಹೋಗುತ್ತೆ? ವಾಪಸ್ ಬಸ್ಸು ಎಷ್ಟು ಗಂಟೆಗೆ?"

"ಕೂಡ್ರು ತಂಗಿ. ಹ್ವಾದ ಮ್ಯಾಲ ಗೊತ್ತಾಗ್ತೈತಿ."

ಗಾಬರಿ ನನ್ನ ಹುಟ್ಟುಗುಣ. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು ನಾನು. ಗೊತ್ತಿಲ್ಲದ ಊರಿನಲ್ಲಿ ಮೊಬೈಲಿನ ಚಾರ್ಜು ಅರ್ಧಕ್ಕಿಳಿದರೆ ಚಾರ್ಜರ್ ಹಿಡಿದು ಅಂಗಡಿ ಅಂಗಡಿ ಕೇಳುತ್ತಿದ್ದೆ. ಗೌರಕ್ಕನಿಗೋ ಯಾವ ಊರಾದರೂ ಸ್ವಂತ ಓಣಿ. ಮೂವತ್ತು ವರ್ಷ ದವಾಖಾನೆಯಲ್ಲಿ ನರ್ಸಾಗಿ ದುಡಿದವರು, ನಿವೃತ್ತಿಯಾದ ಮೇಲೂ ಎದುರಿಗೆ ಬಂದವರ ಮುಖ ನೋಡಿಯೇ "ಯಾಕ್ರಿ, ನಿದ್ದಿ ಆಗಿಲ್ಲೇನು?" ಎನ್ನುವರು. ಹುನಗುಂದದಲ್ಲಿ ಗಿರ್ಮಿಟ್ ತಿನ್ನುತ್ತ ಅಂಗಡಿಯವಳ ಮೊಣಕಾಲು ನೋವಿನ ಕಥೆ ಕೇಳುವರು. ತುಳಸಿಗೇರಿಯಲ್ಲಿ ಹನುಮಪ್ಪನಿಗೆ ಕೈಮುಗಿದು ಕಟ್ಟೆಯ ಮೇಲೆ ಒಂದು ತಾಸು ಸುಮ್ಮನೆ ಕುಳಿತಿರುವರು. ನಾನು ಗಡಿಯಾರ ನೋಡುತ್ತಿದ್ದರೆ, "ಊರು ಎಲ್ಲೂ ಓಡಿ ಹೋಗೂದಿಲ್ಲವಾ, ನೀ ಯಾಕ ಓಡ್ತಿ?" ಎಂದು ನಗುವರು.

ಒಂದು ವಿಷಯ ಮಾತ್ರ ನನಗೆ ಬಿಡಿಸಲಾಗದೆ ಉಳಿದಿತ್ತು. ಯಾವ ಊರಿಗೆ ಹೋದರೂ ಮೋಟಾರು, ಫ್ಯಾನು ರಿಪೇರಿ ಮಾಡುವ ಅಂಗಡಿ ಕಂಡರೆ ಗೌರಕ್ಕನ ಹೆಜ್ಜೆ ನಿಧಾನವಾಗುತ್ತಿತ್ತು. ಬಾಗಿಲಲ್ಲಿ ನಿಂತು ಒಳಗೆ ಇಣುಕಿ, ಏನೂ ಕೇಳದೆ ಮುಂದೆ ನಡೆಯುವರು. ಇಳಕಲ್ಲಿನಲ್ಲಿ ಒಂದೇ ಮಧ್ಯಾಹ್ನ ನಾಲ್ಕು ಅಂಗಡಿಗಳ ಮುಂದೆ ಹಾಗೆ ನಿಂತರು. ಸೀರೆ ಅಂಗಡಿಗಳ ಸಾಲಿನ ಕೊನೆಯಲ್ಲಿ ಚಹಾ ಕುಡಿಯುವಾಗ ನಾನು ಕೇಳಿಯೇಬಿಟ್ಟೆ.

"ಯಾರನ್ನ ಹುಡುಕ್ತಿದ್ದೀರ ಅಕ್ಕಾ?"

ಅವರು ಲೋಟವನ್ನು ಬೆಂಚಿನ ಮೇಲಿಟ್ಟರು.

"ನನ್ನ ತಮ್ಮ ಈರಣ್ಣ. ಮೋಟಾರು, ಫ್ಯಾನು ರಿಪೇರಿ ಮಾಡ್ತಾನ. ಅವ್ವ ಸತ್ತಾಗ ಅಂವಗ ಆರು ವರ್ಷ. ನಾನ ಜ್ವಾಪಾನ ಮಾಡೇನಿ. ಮಗಳಿದ್ದ ವಿಧವಿನ್ನ ಲಗ್ನ ಆಗಿ ಮನಿಗಿ ಕರಕೊಂಡು ಬಂದ. ಆಕಿನ್ನ ಬಾಗಲಾಗ ನಿಂದ್ರಿಸಿ, ಬಾಯಿಗಿ ಬಂದಂಗ ಬೈದೆ. ಹ್ವಾದಾಂವ ಹ್ವಾದ. ಹತ್ತು ವರ್ಷಾತು. ಬಾದಾಮಿ ಕಡೆ ಅದಾನ ಅಂತಾರ, ಇಳಕಲ್ ಅಂತಾರ. ಖರೆ ಯಾರಿಗೂ ಗೊತ್ತಿಲ್ಲ."

ಆಮೇಲಿನ ಭಾನುವಾರಗಳಲ್ಲಿ ನನಗೆ ಎರಡು ಗಾಬರಿ. ತಮ್ಮ ಸಿಗದಿದ್ದರೆ ಏನು ಗತಿ ಎಂಬುದೊಂದು, ಸಿಕ್ಕರೆ ಏನು ಗತಿ ಎಂಬುದು ಇನ್ನೊಂದು.

ಅವನು ಬಾದಾಮಿಯಲ್ಲೇ ಸಿಕ್ಕ. ಕೆರೆಯ ಕಡೆ ಹೋಗುವ ಓಣಿಯ ಒಂದು ಸಣ್ಣ ಅಂಗಡಿಯಲ್ಲಿ, ನೆಲದ ಮೇಲೆ ಕುಳಿತು ಫ್ಯಾನಿಗೆ ತಂತಿ ಸುತ್ತುತ್ತಿದ್ದ. ಗೌರಕ್ಕ ರಸ್ತೆಯ ಈಚೆಯೇ ನಿಂತುಬಿಟ್ಟರು. ನನ್ನ ತೋಳು ಹಿಡಿದು ಮುಂದೆ ತಳ್ಳಿದರು.

"ನೀ ಹೋಗ ತಂಗಿ. ನನ್ನ ನೋಡಿದ್ರ ಎದ್ದು ಹೋಗ್ತಾನ."

ಎಡಬಲ ಮೂರು ಸಲ ನೋಡಿದೆ. ಹೇಗೋ ದಾಟಿದೆ. ನಾನು ಮಾತು ಹುಡುಕುವಷ್ಟರಲ್ಲಿ ರಸ್ತೆಯಾಚೆ ಒಮ್ಮೆ ನೋಡಿ ಅವನೇ ಹೇಳಿದ:

"ಅಕ್ಕ ಕಳಿಸಿದ್ಲೇನ್ರಿ? ಹೋದ ವರ್ಷನೂ ಬಂದು ಇಣುಕಿ ಹ್ವಾದ್ಲು. ನಾ ಒಳಗ ಸರದು ಕುಂತಿದ್ದೆ."

"ಒಂದು ಸಲ ಮಾತಾಡಿ. ಊರೂರು ಹುಡುಕಿದಾರೆ."

ಅವನು ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ. "ನನಗ ಎಷ್ಟರ ಬೈಲಿ, ಆಕಿ ನನ್ನ ಬೆಳಿಸ್ಯಾಳ. ನನ್ನ ಹೆಂಡ್ತಿ ಏನ್ ಮಾಡಿದ್ಲ್ರಿ? ರೇಣುಕಾನ ಮುಂದ ಬಂದು ತಪ್ಪಾತು ಅನ್ಲಿ. ಆಮ್ಯಾಲ ಎಲ್ಲಾ."

ಆ ಮಾತನ್ನು ಹೊತ್ತು ರಸ್ತೆ ದಾಟಿ ಬರುವಾಗ ಹಿಂದೆ ಹಾರ್ನ್ ಹೊಡೆದ ಟಂಟಂ ಕೂಡ ನನಗೆ ಕೇಳಿಸಲಿಲ್ಲ. ಗೌರಕ್ಕ ಪೂರ್ತಿ ಕೇಳಿಸಿಕೊಂಡು, "ಖರೆ ಐತಿ ಅಂವ ಅನ್ನೂದು," ಎಂದರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ನನಗೇ ಬಿಟ್ಟುಕೊಟ್ಟರು. ಎಲ್ಲರ ನೋವನ್ನು ಕೇಳಿಕೊಂಡು ಬಂದ ಆ ಹೆಂಗಸಿಗೆ ತಪ್ಪಾಯಿತು ಎಂಬ ಒಂದು ಮಾತು ಎಷ್ಟು ಭಾರವೆಂದು ಅವರ ಮುಖದಲ್ಲೇ ಕಾಣುತ್ತಿತ್ತು.

ಮುಂದಿನ ಭಾನುವಾರ ಮತ್ತೆ ಹೋದೆವು. ಅಂಗಡಿಯ ಬಾಗಿಲಲ್ಲಿ ಒಬ್ಬ ಹೆಂಗಸು ಊಟದ ಡಬ್ಬಿ ಹಿಡಿದು ನಿಂತಿದ್ದಳು. ಗೌರಕ್ಕ ಈ ಸಲ ಒಬ್ಬರೇ ದಾಟಿದರು. ನಾನು ಹಣ್ಣಿನ ಗಾಡಿಯ ಪಕ್ಕ ನಿಂತು ಉಗುರು ಕಚ್ಚುತ್ತಿದ್ದೆ. ಅವರು ಆಕೆಯ ಎರಡೂ ಕೈ ಹಿಡಿದದ್ದು ಕಂಡಿತು. ಬೈಕುಗಳ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆ ಒಳಗಿನಿಂದ ಒಂದು ಸ್ಟೂಲು ತಂದಿಟ್ಟಳು. ಗೌರಕ್ಕ ಕುಳಿತರು. ಈರಣ್ಣ ಹೊರಗೆ ಬಂದ.

ಆ ಮೇಲೆ ಗೌರಕ್ಕನ ತಿರುಗಾಟ ನಿಂತುಹೋಯಿತು. ಕೆಲವೇ ತಿಂಗಳಲ್ಲಿ ಬಾಗಲಕೋಟೆಯ ಮನೆ ಬಿಟ್ಟು ಬಾದಾಮಿಗೆ, ತಮ್ಮನ ಮನೆಗೆ ಹೋದರು. ನನಗೂ ಮೈಸೂರಿಗೆ ವರ್ಗವಾಯಿತು. ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ತಡವಾಗಿ ತಲುಪಿ, ಒಬ್ಬಳೇ ಬಾದಾಮಿಗೆ ಹೋದೆ.

ಈರಣ್ಣ ಅಂಗಡಿಯಲ್ಲಿದ್ದ. ಮನೆಯಲ್ಲಿ ರೇಣುಕಾ ಚಹಾ ಕೊಟ್ಟಳು. ಆ ದಿನ ಗೌರಕ್ಕ ಏನೆಂದರು ಎಂದು ಕೇಳದಿರಲು ನನ್ನಿಂದಾಗಲಿಲ್ಲ.

"ಏನೂ ಅನ್ನಲಿಲ್ರಿ," ಎಂದಳು ಆಕೆ. "ಕೈ ಹಿಡದು ನಿಂತ್ರು, ಮಾತ ಹೊರಡವಲ್ದು. ಒಳಗ ಬಂದು ಇವ್ರಿಗೆ ನಾನ ಹೇಳಿದೆ, ತಪ್ಪಾತು ಅಂದ್ರು, ಹೊರಗ ಬರ್ರಿ ಅಂತ." ಖಾಲಿ ಕಪ್ಪು ತೆಗೆದುಕೊಳ್ಳುತ್ತ ದನಿ ತಗ್ಗಿಸಿದಳು. "ಇವ್ರು ಕೇಳಿದ್ರ ನೀವೂ ಹಂಗ ಹೇಳ್ರಿ ಮತ್ತ."