ನುಣ್ಣನೆಯ ಟಾಯರು, ಹಸಿ ದಾರಿ

ಒಂದೆಡೆ ಕೂರುವುದು ನನಗೆ ಹುಟ್ಟಿನಿಂದಲೇ ಬಂದಿಲ್ಲ. ಉಣ್ಣುವಾಗಲೂ ನಡುವೆ ಎದ್ದು ಓಡಾಡುವವಳು ನಾನು. ಅಂಥವಳಿಗೆ ಆ ಶರ್ಯತ್ತಿನ ದಿನ ಜೀವ ಹೇಗೆ ಚಡಪಡಿಸಿತು ಅಂತ ನಿಮಗೆ ಹೇಗೆ ಹೇಳಲಿ!

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಂಕಲಿಯ ಆಚೆ, ಕಬ್ಬಿನ ಹೊಲಗಳ ನಡುವಿನ ದಾರಿಯಲ್ಲಿ ಎತ್ತಿನ ಗಾಡಿಗಳ ಓಟದ ಶರ್ಯತ್ತು. ನಮ್ಮ ಜೋಡಿಯಲ್ಲಿ ಒಂದು ಹೋರಿ ನನ್ನದು. ಅಲಖನೂರಿನ ತವರಿನಿಂದ ಮದುವೆಯಲ್ಲಿ ಕರುವಾಗಿ ನನ್ನ ಹಿಂದೆ ಬಂದ ಕಿಲಾರಿ ತಳಿಯದು. ಓಡುವ ಹೋರಿಗೆ ನಮ್ಮ ಕಡೆ ಕಬ್ಬಿನ ಗಾಡಿ ಕಟ್ಟುವುದಿಲ್ಲ. ತಿನ್ನುವುದು, ಮೈ ತಿಕ್ಕಿಸಿಕೊಳ್ಳುವುದು, ಓಡುವುದು, ಇಷ್ಟೇ ಅದರ ಕೆಲಸ. ಆದರೆ ನಮ್ಮದು ಒಮ್ಮೆಯೂ ಗೆದ್ದಿರಲಿಲ್ಲ.

ಮಾವ ಹಿಂದಿನ ದಿನವೇ ಹೇಳಿಬಿಟ್ಟಿದ್ದರು. "ಈ ಸಲ ಸೋತ್ರ ಹಾರೂಗೇರಿ ಸಂತಿಗೆ ಹೊಡಕೊಂಡ ಹೋಗ್ತೀನಿ. ಕುಂತ ತಿನ್ನೂ ಎತ್ತು ನಮಗ ಬ್ಯಾಡ."

ರಾತ್ರಿಯಿಡೀ ನನಗೆ ಕಣ್ಣು ಹತ್ತಲಿಲ್ಲ. ಬೆಳಗಾಗುತ್ತಲೇ ದಾರಿ ನೋಡಲು ಹೊರಟ ನಮ್ಮ ಮನೆಯವರ ಹಿಂದೆ ನಾನೂ ಹೊರಟೆ. ಅವರು ಅಲ್ಲಲ್ಲಿ ಹಿಮ್ಮಡಿಯಿಂದ ಮಣ್ಣು ಒದ್ದು ನೋಡಿದರು. ಎರೆಮಣ್ಣು ಒಣಗಿ ಕಲ್ಲಾಗಿತ್ತು. ನಮ್ಮ ಹೊಲದ ಪಕ್ಕದ ತಿರುವೂ ಗಟ್ಟಿ.

ನಮ್ಮಲ್ಲಿ ಎರಡು ಜೊತೆ ಗಾಲಿಗಳಿದ್ದವು. ಒಂದಕ್ಕೆ ಸವೆದು ನುಣ್ಣಗಾದ ಸ್ಕೂಟರ್ ಟಾಯರು. ಇನ್ನೊಂದಕ್ಕೆ ಕಚ್ಚು ಇದ್ದ ಅಗಲ ಟಾಯರು, ನಿಪ್ಪಾಣಿಯಿಂದ ತಂದದ್ದು. ಅವರು ನುಣ್ಣನೆಯವನ್ನೇ ಹಾಕಿ, ಹೆಬ್ಬೆರಳಿಗೆ ಬಗ್ಗದಷ್ಟು ಗಾಳಿ ತುಂಬಿದರು.

"ಅಗಲಾನ್ವು ಹಾಕ್ರಿ. ಮಣ್ಣ ಹಿಡೀತಾವು," ಎಂದೆ.

"ಒಣಾ ದಾರ್‍ಯಾಗ ಹಿಡದ್ರ ಹೋರಿ ಓಡೂದು ಹ್ಯಾಂಗ? ನುಣ್ಣನ್ವು ಸಲೀಸ ಉರುಳ್ತಾವು. ಏ, ನನ್ನ ತಲಿ ತಿನ್ನಬ್ಯಾಡ, ಮನೀಗಿ ನಡಿ."

ಮನೆಗೆ ಯಾರು ಹೋಗುತ್ತಾರೆ? ಮಧ್ಯಾಹ್ನ ಹೆಂಗಸರೆಲ್ಲ ದೂರದ ಬೇವಿನ ನೆರಳಲ್ಲಿ ನಿಂತರೆ ನಾನು ತಿರುವಿನ ಕಡೆ ನಡೆದೆ. ಊರಿಗೆ ಊರೇ ಓಟ ಶುರುವಾಗುವ ಕಡೆ ಸೇರಿತ್ತು. ಹೊಲಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಮ್ಮ ಕಬ್ಬಿನೊಳಗಿಂದ ನೀರಿನ ಜುಳುಜುಳು ಸದ್ದು ಕೇಳಿ ಅತ್ತ ಧಾವಿಸಿದೆ.

ಆಗ ಕರೆಂಟು ಯಾವಾಗ ಬಂದೀತು ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ಬಂದದ್ದು ವ್ಯರ್ಥವಾಗಬಾರದೆಂದು ಮೋಟಾರು ತಾನೇ ಚಾಲೂ ಆಗುವಂತೆ ರೈತರು ಒಂದು ಡಬ್ಬಿ ಜೋಡಿಸಿ ಬಿಟ್ಟಿರುತ್ತಿದ್ದರು. ಮಾವನೂ ಹಾಗೇ ಬಿಟ್ಟು ಶರ್ಯತ್ತು ನೋಡಲು ಹೋಗಿದ್ದಾರೆ. ಕರೆಂಟು ಬಂದಿದೆ, ನೀರು ತಿರುವಲು ಯಾರೂ ಇಲ್ಲ, ಬದು ಒಡೆದು ದಾರಿಗೆ ಹರಿದಿದೆ! ತಿರುವೆಲ್ಲ ರಾಡಿ.

"ನಿಲ್ಸರೀ!" ಎಂದು ಸೆರಗು ಬೀಸುತ್ತ ಓಡಿದೆ. ಯಾರಿಗೆ ಕೇಳಿಸಬೇಕು? ಶಿಳ್ಳೆ, ಕೇಕೆ, ಧೂಳು. ಗಾಡಿಗಳು ಬಂದೇಬಿಟ್ಟವು. ನಮ್ಮದೇ ಎಲ್ಲರಿಗಿಂತ ಮುಂದೆ! ಆ ಗಳಿಗೆಯಲ್ಲಿ ನನಗೆ ಆದ ಸಂತೋಷವನ್ನೂ ಸಂಕಟವನ್ನೂ ಈಗಲೂ ಬೇರೆ ಮಾಡಲಾರೆ. ತಿರುವಿಗೆ ಬಂದದ್ದೇ ನುಣ್ಣನೆಯ ಗಾಲಿಗಳು ಅಡ್ಡಡ್ಡ ಜಾರಿ, ರಾಡಿಯಲ್ಲಿ ಹೂತು ನಿಂತವು. ಹೋರಿ ಮೊಣಕಾಲೂರಿ ಎದ್ದಿತು. ಹಿಂದಿನವರು ಅಂಚು ಹಿಡಿದು ದಾಟಿಹೋದರು.

ಮಾವ ಏದುಸಿರು ಬಿಡುತ್ತ ಬಂದರು. ಅವತ್ತಿನವರೆಗೆ ಅವರೆದುರು ದನಿ ಎತ್ತಿದವಳಲ್ಲ ನಾನು. ಅಂದು ಬಾಯಿಗೆ ತಡೆಯೇ ಉಳಿಯಲಿಲ್ಲ. "ಮಾಂವಾರ, ಸೋತದ್ದು ನನ್ನ ಹೋರಿ ಅಲ್ರಿ, ನಿಮ್ಮ ಮೋಟಾರ! ಸಂತಿಗೆ ಅದನ್ನ ಒಯ್ರಿ!"

ಅವರು ರಾಡಿಯನ್ನು ನೋಡಿದರು. "ಕರೆಂಟ ಬಂದ್ರ ಕಬ್ಬಿಗೆ ನೀರ ಬ್ಯಾಡ ಅನ್ನಾಕ ಬರತೈತೇನವಾ?" ಎಂದರು. ಹೋರಿಯ ಮೊಣಕಾಲಿನ ರಾಡಿ ಒರೆಸುತ್ತ, "ಆತು, ಮಾರೂದಿಲ್ಲ. ಆದ್ರ ಇನ್ನ ಓಡೂದೂ ಇಲ್ಲ. ಕಬ್ಬ ಎಳೀಲಿ," ಎಂದರು.

ಗೆದ್ದೆ ಅಂದುಕೊಂಡೆ. ಹಿಗ್ಗಿ ಹೋಳಿಗೆ ಮಾಡಿದೆ.

ಆ ಹಂಗಾಮಿನಲ್ಲೇ ಅದರ ಕೊರಳಿಗೆ ಕಬ್ಬಿನ ಗಾಡಿಯ ನೊಗ ಬಿತ್ತು. ಮೊದಮೊದಲು ಹೇರು ಹೊತ್ತೂ ಓಡಲು ಹೋಗಿ ಬೈಸಿಕೊಳ್ಳುತ್ತಿತ್ತು. ಆಮೇಲೆ ನಡೆಯಲು ಕಲಿಯಿತು. ದಾರಿಯಲ್ಲಿ ಎಲ್ಲೋ ಶಿಳ್ಳೆ ಕೇಳಿದರೆ ಕಿವಿ ನಿಮಿರಿಸುತ್ತಿತ್ತು, ಅಷ್ಟೇ. ಹೆಗಲು ಸುಲಿದು ಬಾವು ಬಂತು. ಅರಿಸಿನ ಹಚ್ಚುವಾಗ ಅದು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನಗೆ ಅನ್ನ ಸೇರದಾಯಿತು.

ಕಾಗವಾಡದ ಕಡೆಯ ಒಬ್ಬ ಶರ್ಯತ್ತಿನವನು ಓಟಕ್ಕೆಂದು ಅದನ್ನು ಕೊಳ್ಳಲು ಕೇಳಿ ಹೋಗಿದ್ದ. ಒಂದು ಸಂಜೆ ಮಾವನ ಎದುರು ಹೋಗಿ ನಿಂತೆ.

"ಕೊಟ್ಟಬಿಡ್ರಿ ಮಾಂವಾರ."

"ಏನಂದಿ? ನಿನ್ನ ಹೋರಿ ಅಲ್ಲೇನವಾ ಅದು?"

"ನಂದ ಐತ್ರಿ. ಅದಕ್ಕ ಹೇಳಾಕತ್ತೀನಿ."

ಆ ಮನುಷ್ಯ ಬಂದಾಗ ಗೂಟದಿಂದ ಹಗ್ಗ ಬಿಚ್ಚಿ ನಾನೇ ಅವನ ಕೈಗೆ ಕೊಟ್ಟೆ.