ನಕ್ಷತ್ರ ಕಟ್ಟಿದ ಮನೆ

ಮಾಲೂರು ಕಡೆಯ ಹಳ್ಳಿ ಬಿಟ್ಟು ರಾಮಮೂರ್ತಿ ನಗರದ ಬಾಡಿಗೆ ಮನೆಗೆ ಬಂದು, ನಾವಿನ್ನೂ ಪಾತ್ರೆಪಡಗ ಜೋಡಿಸಿಕೊಳ್ಳುತ್ತಿದ್ದ ಕಾಲ ಅದು. ಮೊಬೈಲು ಉಳ್ಳವರ ಕೈಯಲ್ಲಿತ್ತು, ನಮಗೆ ಫೋನ್ ಅಂದರೆ ಮೂಲೆಯ ದಿನಸಿ ಅಂಗಡಿಯದೇ. ಅವರೆಕಾಯಿ ಬಂತೆಂದರೆ ಬೀದಿಯೆಲ್ಲ ಸೊಗಡು ವಾಸನೆ. ಈಗ ಕಾಳು ಸುಲಿದು ಪ್ಯಾಕೆಟ್ಟಲ್ಲಿ ಮಾರುತ್ತಾರೆ, ಮೂಗಿಗೆ ಒತ್ತಿಕೊಂಡರೂ ಏನೂ ಬರಲ್ಲ. ಅದಿರಲಿ.

ಆ ಚಳಿಗಾಲದ ಒಂದು ಶನಿವಾರ ಅಂಗಡಿಗೆ ಚಿಕ್ಕಮ್ಮನ ಫೋನ್ ಬಂತು. ಚಿಕ್ಕಮ್ಮ ಅಂದರೆ ಅಮ್ಮನ ತಂಗಿ ರತ್ನ. ಊರಲ್ಲಿ ಅಮ್ಮ ಕೂಲಿಗೆ ಹೋಗುತ್ತಿದ್ದಾಗ ನನ್ನನ್ನು ಎತ್ತಿ ಆಡಿಸಿದ್ದು, ತಲೆ ಬಾಚಿದ್ದು, ಜ್ವರ ಬಂದರೆ ಮಡಿಲಲ್ಲಿ ಮಲಗಿಸಿಕೊಂಡಿದ್ದು ಎಲ್ಲ ಅವಳೇ. ಆಮೇಲೆ ಕುಕ್ ಟೌನಿನ ಬಂಗಲೆಯೊಂದರಲ್ಲಿ ವಯಸ್ಸಾದ ಹೆಂಗಸೊಬ್ಬರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಅಲ್ಲೇ ಉಳಿದುಬಿಟ್ಟಿದ್ದಳು. ಆ ಅಮ್ಮಾವ್ರ ಮಗ ಇಬ್ಬರನ್ನೂ ಭಾನುವಾರ ಸಂಜೆ ಚೆನ್ನೈಗೆ ಕರೆದುಕೊಂಡು ಹೋಗುತ್ತಾನಂತೆ, ಇನ್ನು ಅಲ್ಲೇ ಇರೋದಂತೆ. "ಪಾಪುನ ಒಂದ್ಸಲ ತೋರಿಸಿ ಭಾವ. ಊಟದ ಹೊತ್ತಿಗೆ ಬಂದ್ಬಿಡಿ. ಚರ್ಚ್ ಹಿಂದಿನ ರಸ್ತೆ, ಮನೆ ಮುಂದೆ ದೊಡ್ಡ ಕಾಗದದ ನಕ್ಷತ್ರ ಕಟ್ಟೈತೆ" ಅಂದಳಂತೆ. ಅವಳ ಬಾಯಲ್ಲಿ ಪಾಪು ಅಂದರೆ ನಾನೇ. ಅಪ್ಪ "ಆಯ್ತಮ್ಮ" ಅಂದು ಫೋನ್ ಇಟ್ಟನಂತೆ! ಏನನ್ನಬೇಕು ಇವರಿಬ್ಬರಿಗೆ? ನಮ್ಮೂರಲ್ಲಿ ಗುಡಿ ಹಿಂದೆ ಅಂದರೆ ಒಂದೇ ಗುಡಿ, ಹುಣಸೆಮರದ ಮನೆ ಅಂದರೆ ಒಂದೇ ಮರ. ಅದೇ ಲೆಕ್ಕದಲ್ಲಿ ಹೇಳಿದಳು, ಅದೇ ಲೆಕ್ಕದಲ್ಲಿ ಇವನು ಕೇಳಿಸಿಕೊಂಡ.

ಬರಿಗೈಲಿ ಹೋಗಬಾರದಲ್ಲ, ಅಮ್ಮ ಭಾನುವಾರ ಬೆಳಗ್ಗೆಯೇ ಹಿತಕಿದ ಬೇಳೆ ಸಾರು ಮಾಡಿ ಡಬ್ಬಿಗೆ ತುಂಬಿ ಟವೆಲ್ಲಲ್ಲಿ ಗಂಟು ಕಟ್ಟಿಕೊಟ್ಟಳು. ತಮ್ಮನಿಗೆ ಕೆಮ್ಮು ಅಂತ ತಾನು ಬರಲಿಲ್ಲ. ನಾನು ಹೊಸ ಚಪ್ಪಲಿ ಹಾಕಿಕೊಂಡು ಅಪ್ಪನ ಜೊತೆ ಶಿವಾಜಿನಗರದ ಬಸ್ ಹತ್ತಿದೆ.

ಕುಕ್ ಟೌನ್ ಅಲ್ಲೇ ಅಂದುಕೊಂಡು ಶಿವಾಜಿನಗರದಲ್ಲಿ ಇಳಿದು ಸ್ವಲ್ಪ ನಡೆದರೆ ಎತ್ತರದ ಗೋಪುರದ ಚರ್ಚು. "ನೋಡ್ದಾ, ಸಿಕ್ಕೇಬಿಡ್ತು" ಅಂದ ಅಪ್ಪ. ಅದರ ಸುತ್ತ ಎರಡು ಸಲ ತಿರುಗಿದೆವು. ಕೋಳಿ ಪಂಜರ, ಕಬಾಬಿನ ಹೊಗೆ, ಹಳೇ ಗಾಡಿಗಳ ಬಿಡಿಭಾಗ. ಬಂಗಲೆ ಎಲ್ಲಿಂದ ಬರಬೇಕು? ಸಾಕಾಗಿ ಅಪ್ಪ ಒಬ್ಬ ಅತ್ತರಿನ ಅಂಗಡಿಯವನನ್ನು ಕೇಳಿದ. "ಕುಕ್ ಟೌನಾ? ಅದು ಆ ಕಡೆ ಅಣ್ಣ, ದೂರ ಐತೆ. ಸುಮ್ನೆ ಚರ್ಚ್ ಚರ್ಚ್ ಅಂದ್ರೆ ನಾನ್ ಯಾವ್ದು ಹೇಳ್ಲಿ? ಇಲ್ಲಿ ಬೇಜಾನ್ ಅವೆ" ಅಂದು ಕೈ ತೋರಿಸಿದ.

ನಡೆದೆವು. ದಾರಿಯ ಬೇಕರಿಗಳಿಂದ ಕೇಕಿನ ಘಮ ಬರುತ್ತಿತ್ತು. ಅಪ್ಪ "ಬರ್ತಾ ಕೊಡಿಸ್ತೀನಿ, ನಡಿ" ಅಂದ. ಚಪ್ಪಲಿ ಕಚ್ಚಿ ಹಿಮ್ಮಡಿ ಸುಲಿದಿತ್ತು. ಊಟದ ಹೊತ್ತು ಹೋಯಿತು. ಹಸಿವಿಗಿಂತ ನನಗೆ ಇದ್ದದ್ದು ಒಂದೇ ಭಯ, ಕಾರು ಬಂದುಬಿಟ್ಟರೆ?

ಕೊನೆಗೂ ಕುಕ್ ಟೌನ್ ಸಿಕ್ಕಿತು. ಒಂದು ಚರ್ಚೂ ಕಾಣಿಸಿತು. ಅದರ ಹಿಂದಿನ ರಸ್ತೆಗೆ ತಿರುಗಿದೆವು ನೋಡಿ, ಅಯ್ಯೋ, ಮನೆ ಮನೆಗೂ ನಕ್ಷತ್ರ. ಕೆಂಪು, ಬಿಳಿ, ಹಳದಿ, ಬಾಗಿಲಿಗೆ, ಮರಕ್ಕೆ, ಮಹಡಿಗೆ. ಕ್ರಿಸ್‌ಮಸ್ ಹಬ್ಬಕ್ಕೆ ಎಲ್ಲರೂ ಕಟ್ಟುತ್ತಾರೆ ಅಂತ ನಮಗೇನು ಗೊತ್ತು? ಊರಿಂದ ಬಂದ ಚಿಕ್ಕಮ್ಮನಿಗೂ ತಾನು ಕಟ್ಟಿದ್ದೇ ನಕ್ಷತ್ರ.

ಗಿಡಕ್ಕೆ ನೀರು ಹಾಕುತ್ತಿದ್ದ ಒಬ್ಬರನ್ನು ಅಪ್ಪ ಕೇಳಿದ.

"ಅಮ್ಮಾವ್ರ ಮನೆ ಯಾವ್ದು ತಾಯಿ?"

"ಯಾವ ಅಮ್ಮಾವ್ರು? ಹೆಸರೇನ್ರೀ?"

ಅಪ್ಪ ನನ್ನ ಮುಖ ನೋಡಿದ. ಇಷ್ಟು ದಿನದಲ್ಲಿ ಅವರ ಹೆಸರು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಮಗೆ ಅವರು ಬರೀ ಅಮ್ಮಾವ್ರು. ಆಮೇಲೆ ಅಪ್ಪ ಒಂದೊಂದೇ ಗೇಟಿನ ಮುಂದೆ ನಿಂತು ಮೆಲ್ಲಗೆ "ರತ್ನಾ, ರತ್ನಾ" ಅಂತ ಕೂಗತೊಡಗಿದ. ನಾಯಿಗಳು ಬೊಗಳಿದವು. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದು ರಸ್ತೆ ಮಧ್ಯೆ ಕೂತುಬಿಟ್ಟೆ.

"ನಿಂಗೆ ಏನೂ ಗೊತ್ತಿಲ್ಲ!" ಅಂದೆ.

"ನಂಗೆಂಗೆ ಗೊತ್ತಾಗ್ಬೇಕು ಮಗಾ, ನಾನೂ ನಿನ್ನಂಗೆ ಹೊಸಬನೇ" ಅಂದ ಅಪ್ಪ.

ದೀಪ ಹೊತ್ತಿಸುವ ಹೊತ್ತಿಗೆ ಇನ್ನೊಂದು ಚರ್ಚಿನ ಹಿಂದೆ, ಬೀಗ ಹಾಕಿದ ಗೇಟೊಂದರ ಮುಂದೆ ನಿಂತಿದ್ದೆವು. ಅಪ್ಪನ ಕೂಗು ಕೇಳಿ ಎದುರು ಮನೆಯ ವಾಚ್‌ಮನ್ ಹತ್ತಿರ ಬಂದ. "ರತ್ನಾನಾ? ಈಗ್ ತಾನೇ ಕಾರಲ್ಲಿ ಹೋಯ್ತು ಸಾರ್. ಮಧ್ಯಾಹ್ನದಿಂದ ಆಯಮ್ಮ ಇಲ್ಲೇ ಗೇಟಲ್ಲಿ ನಿಂತಿತ್ತು. ಬಾರಮ್ಮ ಅಂತ ಆ ಮಗ ಬೈದು ಹತ್ತಿಸಿದ." ನಾನು ಆ ಗೇಟಿನ ಕಂಬಿ ಹಿಡಿದು ಎಷ್ಟು ಅತ್ತೆನೋ. ಅಪ್ಪ ಕೇಕ್ ಕೊಡಿಸಿದ, ನಾನು ಮುಟ್ಟಲಿಲ್ಲ.

ಈಗ ಆ ಏರಿಯಾದ ಗಲ್ಲಿ ಗಲ್ಲಿಯೂ ನನಗೆ ಗೊತ್ತು. ಬಂಗಲೆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಫೋನಲ್ಲಿ ದಾರಿ ನೋಡಿಕೊಂಡು ಬರುವವರನ್ನು ಕಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ. ಚೆನ್ನೈಗೆ ಹೋದ ಚಿಕ್ಕಮ್ಮನಿಗೆ ವರ್ಷಗಟ್ಟಲೆ ಬರಲಾಗಲಿಲ್ಲ. ಫೋನಲ್ಲಿ "ಚೆನ್ನಾಗಿದೀಯಾ", "ಊಟ ಆಯ್ತಾ" ಅನ್ನುವಷ್ಟಕ್ಕೆ ಮಾತು ಮುಗಿಯುತ್ತಿತ್ತು. ಕಡೆಗೆ ನನ್ನ ಮದುವೆಗೆ ಬಂದಳು, ತಲೆ ನರೆತಿತ್ತು. ಹುಡುಗಿಗೆ ಉಣ್ಣಿಸ್ತೀನಿ ಅಂತ ತಾನೇ ಎಲೆ ಮುಂದೆ ಕೂತು ಅನ್ನ ಕಲಸಿದಳು. ತುತ್ತು ಎತ್ತಿದವಳು ನನ್ನ ಬಾಯ ಹತ್ತಿರ ತಂದು, ಕೈ ತಡೆದು, ಪಕ್ಕದಲ್ಲಿದ್ದ ಅಮ್ಮನನ್ನು ಕೇಳಿದಳು.

"ಅಕ್ಕ, ಇವಳು ಖಾರ ತಿಂತಾಳಾ?"