ಹೆಣ್ಣು ನೋಡಲು ಬಂದವರ ಮುಂದೆ ಚೀನೀ ಭಾಷೆ

ಗೆಳೆಯರೇ, ಇವತ್ತು ಮಧ್ಯಾಹ್ನ ಗುಳೇದಗುಡ್ಡದ ನಮ್ಮ ಮನೆಯಲ್ಲಿ ನನ್ನ ಚೀನೀ ಭಾಷೆಯ ಮೌಖಿಕ ಪರೀಕ್ಷೆ ನಡೆಯಿತು. ಪರೀಕ್ಷಕರು, ನನ್ನನ್ನು ನೋಡಲು ಅಮೀನಗಡದ ಕರದಂಟು ಹಿಡಿದು ಬಂದ ಗಂಡಿನ ಕಡೆಯವರು.

ಪದವಿಯಲ್ಲಿ ನನ್ನ ಮುಖ್ಯ ವಿಷಯ ಇತಿಹಾಸ, ಮೈನರ್ ಚೀನೀ ಭಾಷೆ ಮತ್ತು ಸಾಹಿತ್ಯ. ಇನ್ನೂ ಒಂದು ವರ್ಷ ಬಾಕಿ. ಅಪ್ಪ ಚೀನೀ ಭಾಷೆಯ ವಿಷಯವನ್ನು ಹೆಮ್ಮೆಯಿಂದ ಹೇಳಿದ್ದೇ ತಪ್ಪಾಯಿತು. ಹುಡುಗನ ತಾಯಿ ಚಹಾದ ಕಪ್ಪು ಕೆಳಗಿಟ್ಟು, "ನಮ್ಮ ಕಾಲದಾಗ ಹಾಡ ಹೇಳಸ್ತಿದ್ರು. ನೀ ಚೀನಿ ಭಾಷಾದಾಗ ನಾಕ ಮಾತ ಆಡವಾ, ಕೇಳೋಣು" ಎಂದರು.

ನಾನು ಹಿಂಜರಿದಾಗ ಅಪ್ಪ, ಹೇಳು ಎಂದು ಕಣ್ಣಲ್ಲೇ ಗದರಿಸಿದ. ನಾನು ತಲೆ ತಗ್ಗಿಸಿ ಚೀನೀ ಭಾಷೆಯಲ್ಲಿ ಹೇಳಿದೆ: "ನನಗೆ ಈ ಮದುವೆ ಬೇಡ. ನಾನು ಓದು ಮುಗಿಸಬೇಕು. ದಯವಿಟ್ಟು ಎದ್ದು ಹೋಗಿ." ವಾರದಿಂದ ಅಪ್ಪನ ಎದುರು ಕನ್ನಡದಲ್ಲಿ ಬಾಯಿಗೆ ಬಾರದ ಮಾತು, ಒಂದೂ ತಪ್ಪಿಲ್ಲದೆ ಬಂತು.

"ಕೇಳಾಕ ಎಷ್ಟ ಚಂದ ಐತಿ!" ಎಂದರು ಹುಡುಗನ ತಾಯಿ. ಹುಡುಗ ಚಪ್ಪಾಳೆ ತಟ್ಟಿದ. "ಹುಡುಗಿ ನಮಗ ಪಸಂದ ಬಂದಾಳ್ರಿ" ಎಂದು ಅಲ್ಲೇ ಹೇಳಿಬಿಟ್ಟರು. ಅಪ್ಪನ ಮುಖ ಅರಳಿತು.

ಅವರು ಹೋದ ಮೇಲೆ ಕಪ್ಪು ತೊಳೆಯುತ್ತ ನಿಂತಿದ್ದೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮಜ್ಜಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಒಲ್ಲೆ ಅಂದಿ, ಹೌದಲ್ಲ?"

ಹೌದೆಂದು ತಲೆಯಾಡಿಸಿದೆ.

"ನಾನೂ ಅಂದಿದ್ದೆ, ಕನ್ನಡದಾಗ" ಎಂದಳು ಅಜ್ಜಿ. "ಆಗೂ ಯಾರಿಗೂ ತಿಳೀಲಿಲ್ಲ."